ಹುಬ್ಬಳ್ಳಿಗೊಂದು ಪ್ರತಿ, ಧಾರವಾಡಕ್ಕೊಂದು ಪ್ರತಿ: ಮೂರನೇ ಮತ ಯಾರದು?

ಒಂದು ಕಡೆ ಕೆಟ್ಟರೂ ಡೇಟಾ ಉಳಿಯಲಿ ಅಂತ ಅದರ ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುವುದಕ್ಕೆ ರೆಪ್ಲಿಕೇಶನ್ ಅನ್ನುತ್ತಾರೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಹೋಗಿ ಬರಲು 0.2 ಮಿಲಿಸೆಕೆಂಡ್. ಫೈಬರ್ ಅಷ್ಟು ನೇರವಾಗಿ ಹೋಗಿರುವುದಿಲ್ಲ, ನಡುವೆ ಸ್ವಿಚ್‌ಗಳೂ ಇರುತ್ತವೆ. ಒಳ್ಳೆಯ ಲೀಸ್ಡ್ ಲೈನ್ ಆದರೆ ಅರ್ಧದಿಂದ ಒಂದು ಮಿಲಿಸೆಕೆಂಡ್ ಅಂತ ಹಿಡಿಯಿರಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಡೇಟಾ ಧಾರವಾಡಕ್ಕೆ ಎಂಟು ಸಲ ಹೋಗಿ ಬಂದಿರುತ್ತದೆ.

ಹಾಗಾಗಿ ಈ ಅವಳಿ ನಗರದಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಪ್ಲಾನ್ ಒಂದೇ: "ಅಲ್ಲೊಂದು ಸರ್ವರ್, ಇಲ್ಲೊಂದು ಸರ್ವರ್ ಇಡೂಣು, ಎರಡಕ್ಕೂ ಒಮ್ಮೆಲೇ ಬರಿಯೂಣು, ಮುಗೀತಲ್ಲ." ದೂರದ ಲೆಕ್ಕದಲ್ಲಿ ಈ ಪ್ಲಾನ್ ಖರೇನೇ ಚೆನ್ನಾಗಿದೆ. ಎಡವುವುದು ತಲೆ ಎಣಿಕೆಯಲ್ಲಿ.

ರಸ್ತೆ ಅಗೆಯುವಾಗ ಫೈಬರ್ ಜೆಸಿಬಿ ಹಲ್ಲಿಗೆ ಸಿಕ್ಕಿತು ಅನ್ನಿ. ಹುಬ್ಬಳ್ಳಿಯ ಸರ್ವರ್‌ಗೆ ಧಾರವಾಡ ಕಾಣುವುದಿಲ್ಲ, ಧಾರವಾಡಕ್ಕೆ ಹುಬ್ಬಳ್ಳಿ ಕಾಣುವುದಿಲ್ಲ. ಎದುರಿನದು ಸತ್ತಿದೆಯೋ ಅಥವಾ ನಡುವಿನ ದಾರಿ ಮಾತ್ರ ಹೋಗಿದೆಯೋ ಎಂದು ತಿಳಿಯುವ ಉಪಾಯ ಎರಡರ ಬಳಿಯೂ ಇಲ್ಲ. ಧಾರವಾಡದ್ದು "ನಾನೇ ಇನ್ನು ಯಜಮಾನ" ಅಂತ ಬರೆಸಿಕೊಳ್ಳಲು ಶುರು ಮಾಡಿದರೆ ಒಂದೇ ಒರೆಯಲ್ಲಿ ಎರಡು ಕತ್ತಿ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಯ ಬಿಲ್ಲಿಂಗ್ ಇದರ ಮೇಲೆ ನಡೆಯುತ್ತಿದೆ ಅಂದುಕೊಳ್ಳಿ. ಹುಬ್ಬಳ್ಳಿ ಸರ್ವರ್ 4518ನೇ ಬಿಲ್ಲನ್ನು ಒಬ್ಬರ ಹೆಸರಿಗೆ ಕೊಟ್ಟಿದೆ, ಧಾರವಾಡದ್ದು ಅದೇ 4518ನ್ನು ಇನ್ನೊಬ್ಬರಿಗೆ ಕೊಟ್ಟಿದೆ. ಲೈನ್ ಜೋಡಿಸಿದ ಮೇಲೆ ಯಾವುದು ಖರೆ? ಯಾವ ಸಾಫ್ಟ್‌ವೇರೂ ಇದಕ್ಕೆ ಉತ್ತರ ಹೇಳಲಾರದು. ಗುಮಾಸ್ತರು ಕೂತು ಕೈಯಲ್ಲಿ ಬಿಡಿಸಬೇಕು.

2018ರ ಅಕ್ಟೋಬರ್ 21ರಂದು ಸಾಫ್ಟ್‌ವೇರ್ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆದದ್ದೂ ಇದೇ ಜಾತಿಯದು. ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್‌ನ ಸಂಪರ್ಕ ಕಡಿದಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಫೇಲ್‌ಓವರ್ ಸಾಫ್ಟ್‌ವೇರ್ (ಯಜಮಾನಿಕೆಯನ್ನು ತಾನೇ ಬದಲಿಸುವಂಥದ್ದು) ಪಶ್ಚಿಮ ಕರಾವಳಿಯ ಡೇಟಾಬೇಸನ್ನು ಪ್ರೈಮರಿ, ಅಂದರೆ ಯಜಮಾನ, ಮಾಡಿಬಿಟ್ಟಿತ್ತು. ಪೂರ್ವದಲ್ಲಿ ಬರೆದಿದ್ದ ಒಂದಿಷ್ಟು ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಆಮೇಲೆ ಬರೆದದ್ದು ಪೂರ್ವದಲ್ಲಿರಲಿಲ್ಲ. ಎಲ್ಲ ಸರಿಹೋಗಲು ಹಿಡಿದದ್ದು 24 ತಾಸು 11 ನಿಮಿಷ. ಅವರಲ್ಲಿ ಬಹುಮತದಿಂದ ಯಜಮಾನನನ್ನು ಆರಿಸುವ ವ್ಯವಸ್ಥೆ ಇತ್ತು, ಅದು ಹೇಳಿದ ಹಾಗೆ ಕೆಲಸವನ್ನೂ ಮಾಡಿತು. ಆದರೆ ಡೇಟಾ ಅಸಿಂಕ್ರೊನಸ್ ಆಗಿ, ಅಂದರೆ ಆಚೆ ತಲುಪಿತೇ ಎಂದು ಕಾಯದೆ, ಹೋಗುತ್ತಿತ್ತು. ಮತ ಒಂದು ಕಡೆ ಬಿದ್ದಿತು, ಡೇಟಾ ಇನ್ನೊಂದು ಕಡೆ ಉಳಿಯಿತು.

ಆದ್ದರಿಂದ ರೆಪ್ಲಿಕೇಶನ್ ಆಯ್ಕೆ ಅಂದಾಗ "ಎಷ್ಟು ಪ್ರತಿ?" ಅನ್ನುವುದು ಮೊದಲ ಪ್ರಶ್ನೆ ಅಲ್ಲ. ಬಳಕೆದಾರರಿಗೆ "ಆಯ್ತು, ಉಳಿಯಿತು" ಎಂದು ಹೇಳುವ ಹೊತ್ತಿಗೆ ಆ ಬರಹ ಎಲ್ಲೆಲ್ಲಿ ಮುಟ್ಟಿರಬೇಕು? ದಾರಿ ಕಡಿದಾಗ ಯಾರು ಯಜಮಾನ ಎಂದು ಹೇಳುವವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅಂಕಗಣಿತ.

ಮೂರನೇ ಮತ

ಯಜಮಾನ ಯಾರೆಂದು ಹೇಳುವುದು ಯಂತ್ರಗಳ ಬಹುಮತ. ಎರಡರಲ್ಲಿ ಬಹುಮತ ಅಂದರೆ ಎರಡು. ಒಂದು ಹೋದರೂ ಬಹುಮತ ಇಲ್ಲ. ಮೂರರಲ್ಲಿ ಎರಡು, ಆದ್ದರಿಂದ ಒಂದು ಹೋದರೆ ತಡೆಯುತ್ತದೆ. ನಾಲ್ಕರಲ್ಲಿ ಮೂರು ಬೇಕು, ಅಲ್ಲೂ ಒಂದೇ ಹೋಗಬಹುದು, ನಾಲ್ಕನೆಯದಕ್ಕೆ ಹಾಕಿದ ದುಡ್ಡು ಮತದ ಮಟ್ಟಿಗೆ ದಂಡ. ಐದಾದರೆ ಎರಡು ಹೋದರೂ ನಡೆಯುತ್ತದೆ. ರಾಫ್ಟ್ ಎಂಬ ಮತದಾನದ ವಿಧಾನ ಆಗಲಿ, ಅದರ ಮೇಲೆ ಕಟ್ಟಿದ, ಯಜಮಾನ ಯಾರೆಂಬ ದಾಖಲೆ ಇಡುವ ಎಟ್‌ಸಿಡಿ ಆಗಲಿ, ಹಲವು ಯಂತ್ರಗಳ ಡಿಸ್ಕುಗಳನ್ನು ಒಂದೇ ಉಗ್ರಾಣ ಮಾಡುವ ಸೆಫ್‌ನ ಮಾನಿಟರ್‌ಗಳಾಗಲಿ (ಅಲ್ಲಿ ಮತ ಹಾಕುವವು ಇವೇ), ಎಲ್ಲದರದ್ದೂ ಇದೇ ಲೆಕ್ಕ.

ಮೂರನೇ ಮತಕ್ಕೆ ದೊಡ್ಡ ಯಂತ್ರ ಬೇಡ. ಅದು ಡೇಟಾ ಹೊರುವುದಿಲ್ಲ, ಸಾಕ್ಷಿ ಹೇಳುತ್ತದೆ ಅಷ್ಟೇ. 2 ಸಿಪಿಯು, 4 ಜಿಬಿ ರ್‍ಯಾಮ್, ಒಂದು ಒಳ್ಳೆಯ ಎಸ್‌ಎಸ್‌ಡಿ ಸಾಕು. ಎಸ್‌ಎಸ್‌ಡಿ ಮಾತ್ರ ಬಿಡಬೇಡಿ. ಎಟ್‌ಸಿಡಿ ಪ್ರತಿ ಬರಹವನ್ನೂ ಡಿಸ್ಕಿಗೆ ಒತ್ತಿದ ಮೇಲೆಯೇ ಹೂಂ ಅನ್ನುವುದು. ನೂರರಲ್ಲಿ 99 ಸಲ ಆ ಒತ್ತುವಿಕೆ 10 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಹಳೇ ಹಾರ್ಡ್‌ಡಿಸ್ಕ್ ಹಾಕಿದರೆ ಲೈನ್ ಚೆನ್ನಾಗಿದ್ದರೂ ಸುಮ್ಮಸುಮ್ಮನೆ ಚುನಾವಣೆ ನಡೆಯುತ್ತಿರುತ್ತದೆ.

ಎಲ್ಲಿ ಇಡಬೇಕು ಅನ್ನುವುದರಲ್ಲೇ ಎಲ್ಲ ಇದೆ. "ಹುಬ್ಬಳ್ಳಿ ಆಫೀಸಿನಲ್ಲೇ ಒಂದು ಮೂಲೆಯಲ್ಲಿ ಇಟ್ಟರಾಯ್ತು" ಅಂದರೆ ಹುಬ್ಬಳ್ಳಿಗೆ ಎರಡು ಮತ, ಧಾರವಾಡಕ್ಕೆ ಒಂದು. ಹುಬ್ಬಳ್ಳಿ ಪೂರ್ತಿ ಕತ್ತಲಾದ ದಿನ ಧಾರವಾಡದ ಸರ್ವರ್ ಡೇಟಾ ಎಲ್ಲ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ. ಯಾವ ದಿನಕ್ಕಾಗಿ ಎರಡನೇ ಊರನ್ನು ಆರಿಸಿದಿರೋ ಆ ದಿನವೇ ಅದು ಕೆಲಸಕ್ಕೆ ಬರುವುದಿಲ್ಲ. ಸಾಕ್ಷಿ ಮೂರನೇ ಊರಿನಲ್ಲಿರಬೇಕು: ಗದಗ, ಹಾವೇರಿ, ಬೆಳಗಾವಿ ಅಥವಾ ಮುಂಬೈಯ ಬಾಡಿಗೆ ಕ್ಲೌಡ್ ಯಂತ್ರ.

ಗದಗ ಅಂದಕೂಡಲೇ ಒಂದು ಕೊಕ್ಕೆ ಇದೆ. ಧಾರವಾಡದಿಂದ ಗದಗಕ್ಕೆ ಹೋಗುವ ಲೈನ್ ಬಹಳ ಸಲ ಹುಬ್ಬಳ್ಳಿಯ ಮೇಲೆಯೇ ಹಾದು ಹೋಗುತ್ತದೆ, ನಮ್ಮ ಬಸ್ಸುಗಳ ಹಾಗೆ. ನಡುವಿನ ಫೈಬರ್ ಕಡಿದರೆ ಚಿಂತೆ ಇಲ್ಲ, ಹುಬ್ಬಳ್ಳಿ ಮತ್ತು ಗದಗ ಸೇರಿ ಎರಡು ಮತ. ಆದರೆ ಹುಬ್ಬಳ್ಳಿಯಲ್ಲಿ ಲೈನ್ ಕೂಡುವ ಕಟ್ಟಡವೇ ಬಿದ್ದರೆ ಧಾರವಾಡಕ್ಕೆ ಹುಬ್ಬಳ್ಳಿಯೂ ಇಲ್ಲ, ಗದಗವೂ ಇಲ್ಲ. ಲೈನ್ ಕೊಡುವವರ ಬಳಿ ಫೈಬರ್ ಹೋಗುವ ದಾರಿಯ ನಕ್ಷೆ ಕೇಳಿ. "ಎರಡು ಬೇರೆ ಲೈನ್ ಅದಾವ್ರಿ" ಅನ್ನುವ ಮಾತು ನಂಬಬೇಡಿ. ಎರಡು ಕಂಪನಿಯ ಬಿಲ್ ಬೇರೆ ಇರಬಹುದು, ಕೇಬಲ್ ಒಂದೇ ಗುಂಡಿಯಲ್ಲಿ ಮಲಗಿರಬಹುದು. ಧಾರವಾಡದಿಂದ ಬೆಳಗಾವಿ ಕಡೆಗೆ ಹೊರಡುವ ಲೈನೊಂದು ಸಿಕ್ಕರೆ ಸಾಕ್ಷಿಯನ್ನು ಆ ದಿಕ್ಕಿನಲ್ಲಿ ಇಡುವುದು ಜಾಣತನ. ಅದೂ ಆಗದಿದ್ದರೆ ಸಾಕ್ಷಿಯನ್ನು ಮುಟ್ಟಲು ಮಾತ್ರ ಎರಡೂ ಕಡೆ ಒಂದೊಂದು 4ಜಿ ರೌಟರ್ ಇಡಿ. ಸಾಕ್ಷಿಯ ಮಾತುಕತೆ ಕೆಲವೇ ಕಿಲೋಬೈಟ್, ಅಷ್ಟಕ್ಕೆ ಮೊಬೈಲ್ ಡೇಟಾ ಧಾರಾಳ.

4ಜಿ ಮೇಲೆ ಹೋದಾಗ ಎಟ್‌ಸಿಡಿಯ ಎರಡು ಸಂಖ್ಯೆ ಬದಲಿಸಬೇಕು. ಅದರ ಹಾರ್ಟ್‌ಬೀಟ್ ('ಬದುಕಿದ್ದೇನೆ' ಎಂದು ಹೇಳುವ ಅಂತರ) ಮಾಮೂಲಿ 100 ಮಿಲಿಸೆಕೆಂಡ್, ಚುನಾವಣೆಯ ಗಡುವು (ಅಷ್ಟು ಹೊತ್ತು ಸುದ್ದಿ ಬರದಿದ್ದರೆ ಹೊಸ ಚುನಾವಣೆ) 1000. ಮೊಬೈಲ್ ಲೈನಿನಲ್ಲಿ ಹೋಗಿ ಬರಲು ಒಮ್ಮೊಮ್ಮೆ ನೂರರ ಮೇಲೆ ಹೋಗುತ್ತದೆ. ಹಾರ್ಟ್‌ಬೀಟನ್ನು ಅತಿ ನಿಧಾನದ ಹೋಗಿಬರುವ ಸಮಯಕ್ಕೆ ಹೊಂದಿಸಿ, ಗಡುವನ್ನು ಅದರ ಹತ್ತು ಪಟ್ಟಿಗೆ ಇಡಿ, ಉದಾಹರಣೆಗೆ 300 ಮತ್ತು 3000. ಮೂರೂ ಯಂತ್ರದಲ್ಲಿ ಒಂದೇ ಸಂಖ್ಯೆ ಇರಲಿ. ಸಾಕ್ಷಿ ದೂರ ಇದ್ದರೂ ದಿನನಿತ್ಯದ ಕೆಲಸ ನಿಧಾನವಾಗುವುದಿಲ್ಲ, ಏಕೆಂದರೆ ಹುಬ್ಬಳ್ಳಿ ಮತ್ತು ಧಾರವಾಡ ಎರಡೇ ಸೇರಿ ಬಹುಮತ ಆಗುತ್ತದೆ. ಸಾಕ್ಷಿಯೇ ಎಟ್‌ಸಿಡಿಯ ಮುಂದಾಳು ಆಗಿರದಿದ್ದರೆ ಅದರ ಉತ್ತರಕ್ಕೆ ಯಾರೂ ಕಾಯುವುದಿಲ್ಲ.

ಲೆಕ್ಕದ ಡೇಟಾ: ಪೋಸ್ಟ್‌ಗ್ರೆಸ್

ಬಿಲ್, ಜಮಾ-ಖರ್ಚು, ದಾಸ್ತಾನು, ಅಪಾಯಿಂಟ್‌ಮೆಂಟ್: ಒಂದು ಸಾಲು ಕಳೆದರೂ ಜಗಳ ಆಗುವ ಡೇಟಾ ಇದು. ಇಲ್ಲಿ ಸಿಂಕ್ರೊನಸ್ ಬೇಕು (ಆಚೆ ತಲುಪಿದ ಮೇಲೆಯೇ ಹೂಂ ಅನ್ನುವುದು), ಮತ್ತು 20 ಕಿ.ಮೀ. ದೂರದಲ್ಲಿ ಅದು ಕೈಗೆಟಕುವ ಬೆಲೆಗೆ ಸಿಗುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಸಿಂಕ್ರೊನಸ್ ಕಮಿಟ್ (ಬರಹ ಪಕ್ಕಾ ಮಾಡುವುದೇ ಕಮಿಟ್) ಸೆಟ್ಟಿಂಗಿಗೆ ಐದು ಮೆಟ್ಟಿಲು. 'ಆಫ್' ಅಂದರೆ ಸ್ವಂತ ಡಿಸ್ಕಿಗೂ ಕಾಯುವುದಿಲ್ಲ, ಯಂತ್ರ ಬಿದ್ದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೊನೆಯ 0.6 ಸೆಕೆಂಡ್‌ವರೆಗಿನ ಬರಹ ಹೋಗಬಹುದು. 'ಲೋಕಲ್' ಸ್ವಂತ ಡಿಸ್ಕಿಗೆ ಮಾತ್ರ ಕಾಯುತ್ತದೆ. 'ರಿಮೋಟ್ ರೈಟ್' ಅಂದರೆ ಆಚೆಯ ಯಂತ್ರದ ಆಪರೇಟಿಂಗ್ ಸಿಸ್ಟಮ್ ತೆಗೆದುಕೊಂಡಿದೆ, ಡಿಸ್ಕಿಗೆ ಇಳಿದಿಲ್ಲ. 'ಆನ್' ಅಂದರೆ ಆಚೆಯ ಡಿಸ್ಕಿಗೂ ಇಳಿದಿದೆ. 'ರಿಮೋಟ್ ಅಪ್ಲೈ' ಅಂದರೆ ಆಚೆ ಯಾರಾದರೂ ಓದಿದರೂ ಹೊಸದೇ ಕಾಣುತ್ತದೆ. ಹೆಚ್ಚಿನವರಿಗೆ 'ಆನ್' ಸಾಕು. ಒಂದು ಅನುಕೂಲ ಇದೆ, ಈ ಮೆಟ್ಟಿಲನ್ನು ಒಂದೊಂದು ಟ್ರಾನ್ಸಾಕ್ಷನ್‌ಗೆ ಬೇರೆ ಬೇರೆ ಇಡಬಹುದು. ಬಿಲ್ಲಿಗೆ 'ಆನ್', ಯಾರು ಯಾವ ಪುಟ ನೋಡಿದರು ಅನ್ನುವ ಲಾಗಿಗೆ 'ಲೋಕಲ್'. ಇದನ್ನು ಬಳಸದೆ ಎಲ್ಲಕ್ಕೂ ಒಂದೇ ಮೆಟ್ಟಿಲು ಇಟ್ಟು "ಸಿಂಕ್ರೊನಸ್ ಭಾಳ ಸ್ಲೋ" ಅನ್ನುವವರು ಬಹಳ.

ಆಚೆ ಒಂದೇ ಸ್ಟ್ಯಾಂಡ್‌ಬೈ (ಪ್ರೈಮರಿಯ ಪ್ರತಿ ಹೊತ್ತ ಯಂತ್ರ) ಇಟ್ಟು ಅದನ್ನೇ ಸಿಂಕ್ರೊನಸ್ ಮಾಡಿದರೆ ಧಾರವಾಡದ ಯಂತ್ರ ರೀಬೂಟ್ ಆದಾಗಲೆಲ್ಲ ಹುಬ್ಬಳ್ಳಿಯ ಕಮಿಟ್ ಎಲ್ಲ ಅಲ್ಲಲ್ಲೇ ನಿಂತುಬಿಡುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ಬಿಲ್ಲಿಂಗ್ ಪರದೆ ಸುಮ್ಮನೆ ತಿರುಗುತ್ತಿರುತ್ತದೆ. ಆಗ ಯಾರೋ ಗಾಬರಿಯಾಗಿ ಕ್ಯಾನ್ಸಲ್ ಒತ್ತುತ್ತಾರೆ. ಅಲ್ಲಿದೆ ಮೋಸ: ಕ್ಯಾನ್ಸಲ್ ಆದದ್ದು ಕಾಯುವಿಕೆ ಮಾತ್ರ, ಆ ಬಿಲ್ ಹುಬ್ಬಳ್ಳಿಯಲ್ಲಿ ಆಗಲೇ ಕಮಿಟ್ ಆಗಿರುತ್ತದೆ. ಮತ್ತೆ ಹೊಡೆದರೆ ಎರಡು ಬಿಲ್.

ಇದಕ್ಕೆ ಮದ್ದು ಅಂತ ಎಲ್ಲರೂ ಹೇಳುವುದು ಎರಡು ಸ್ಟ್ಯಾಂಡ್‌ಬೈ ಇಟ್ಟು "ಎರಡರಲ್ಲಿ ಯಾವುದಾದರೂ ಒಂದು" ಅನ್ನುವ 'ಎನಿ 1' ನಿಯಮ, ಪೋಸ್ಟ್‌ಗ್ರೆಸ್ 10ರಿಂದ ಇದು ಸಿಗುತ್ತದೆ. ಮದ್ದು ಸರಿ, ಕೊಡುವ ಜಾಗ ನೋಡಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಪ್ರೈಮರಿ ಹು1, ಅಲ್ಲೇ ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಹು2, ಧಾರವಾಡದಲ್ಲಿ ಧಾ1 ಅನ್ನಿ. 'ಎನಿ 1 (ಹು2, ಧಾ1)' ಅಂತ ಬರೆದರೆ ಯಾವಾಗಲೂ ಮೊದಲು ಉತ್ತರ ಕೊಡುವುದು ಪಕ್ಕದ ರ್‍ಯಾಕಿನ ಹು2. ಧಾ1 ಹತ್ತು ಸೆಕೆಂಡ್ ಹಿಂದೆ ಬಿದ್ದರೂ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿಯ ಕಟ್ಟಡಕ್ಕೇ ಏನಾದರೂ ಆದ ದಿನ, "ಸಿಂಕ್ರೊನಸ್ ಇತ್ತಲ್ರೀ" ಅಂದುಕೊಂಡು ನೋಡಿದರೆ ಧಾರವಾಡದಲ್ಲಿ ಕೊನೆಯ ಬಿಲ್‌ಗಳಿಲ್ಲ. ಊರಿಗೆ ಊರೇ ಹೋದರೂ ಡೇಟಾ ಉಳಿಯಬೇಕು ಅನ್ನುವುದು ಗುರಿಯಾದರೆ ಧಾರವಾಡದಲ್ಲಿ ಎರಡು ಸ್ಟ್ಯಾಂಡ್‌ಬೈ ಇಡಿ, 'ಎನಿ 1 (ಧಾ1, ಧಾ2)' ಅಂತ ಬರೆಯಿರಿ, ಹು2 ಬೇಕಾದರೆ ಅಸಿಂಕ್ರೊನಸ್ ಆಗಿ ಇರಲಿ.

ಎಟ್‌ಸಿಡಿಯಂಥದರ ನೆರವಿನಿಂದ ಪೋಸ್ಟ್‌ಗ್ರೆಸ್‌ನ ಯಜಮಾನಿಕೆ ನೋಡಿಕೊಳ್ಳುವ ಪಟ್ರೋನಿ ಬಳಸುವವರು ಈ ಸಾಲನ್ನು ಕೈಯಲ್ಲಿ ಬರೆಯುವ ಹಾಗಿಲ್ಲ. ಅದರ ಸಿಂಕ್ರೊನಸ್ ಮೋಡ್ ಹಾಕಿದರೆ ಹೆಸರುಗಳನ್ನು ಅದೇ ತುಂಬುತ್ತದೆ. ಅಲ್ಲಿ ಹು2ಗೆ 'ನೋಸಿಂಕ್' ಟ್ಯಾಗ್ ಹಾಕಿ, ಆಗ ಅದು ಆಯ್ಕೆಗೆ ಬರುವುದಿಲ್ಲ. ಇನ್ನೊಂದು ಮಾತು: ಮಾಮೂಲಿ ಸಿಂಕ್ರೊನಸ್ ಮೋಡ್‌ನಲ್ಲಿ ಒಂದೂ ಸ್ಟ್ಯಾಂಡ್‌ಬೈ ಸಿಗದಿದ್ದರೆ ಪಟ್ರೋನಿ ಸಿಂಕ್ರೊನಸ್ ಬಿಟ್ಟುಕೊಟ್ಟು ಕೆಲಸ ಮುಂದುವರಿಸುತ್ತದೆ. "ನಿಂತರೂ ಸರಿ, ಒಂಟಿ ಪ್ರತಿಯ ಮೇಲೆ ಬರೆಯಬಾರದು" ಅನ್ನುವವರು ಸ್ಟ್ರಿಕ್ಟ್ ಮೋಡ್ ಹಾಕಬೇಕು. ದಲಾಲಿ ಅಂಗಡಿಗೆ ಸ್ಟ್ರಿಕ್ಟ್ ಬೇಡ ಅಂತಲೇ ನನ್ನ ಅಭಿಪ್ರಾಯ. ಮೆಣಸಿನಕಾಯಿ ಚೀಲ ತುಂಬಿದ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಬಿಲ್ಲಿಂಗ್ ನಿಲ್ಲಿಸುವುದಕ್ಕಿಂತ ಅರ್ಧ ತಾಸು ಒಂಟಿ ಪ್ರತಿಯಲ್ಲಿ ನಡೆಸುವುದು ವಾಸಿ. ಬ್ಯಾಂಕಿನ ಲೆಕ್ಕಕ್ಕೆ ಉತ್ತರ ಬೇರೆ.

ಬೆಲೆ ಎಷ್ಟು? ಒಂದು ಕಮಿಟ್‌ಗೆ ಸುಮಾರು ಒಂದು ಮಿಲಿಸೆಕೆಂಡ್ ಹೆಚ್ಚು. ನೂರು ಜನ ಒಟ್ಟಿಗೆ ಬೇರೆ ಬೇರೆ ಸಾಲು ಬರೆಯುತ್ತಿದ್ದರೆ ಗೊತ್ತೇ ಆಗುವುದಿಲ್ಲ, ಕಾಯುವುದು ಒಬ್ಬರಿಂದ ಒಬ್ಬರಿಗೆ ಸೇರುವುದಿಲ್ಲ. ಆದರೆ ಎಲ್ಲರೂ ಒಂದೇ ಸಾಲನ್ನು ತಿದ್ದಬೇಕಾಗಿದ್ದರೆ, ಉದಾಹರಣೆಗೆ 'ಮುಂದಿನ ಬಿಲ್ ನಂಬರ್' ಎನ್ನುವ ಸಾಲು, ಆಚೆಯಿಂದ ಉತ್ತರ ಬರುವವರೆಗೂ ಅದರ ಮೇಲಿನ ಬೀಗ ತೆರೆಯುವುದಿಲ್ಲ. ಒಂದು ಮಿಲಿಸೆಕೆಂಡ್ ಆದರೆ ಸೆಕೆಂಡಿಗೆ ಹೆಚ್ಚೆಂದರೆ 1000 ಬಿಲ್, ಅದು ಯಾವ ಮಾರುಕಟ್ಟೆಗೂ ಸಾಕು. ಇದೇ ಸ್ಟ್ಯಾಂಡ್‌ಬೈ ಬೆಂಗಳೂರಿನಲ್ಲಿದ್ದರೆ? ರಸ್ತೆಯಲ್ಲಿ 400 ಕಿ.ಮೀ.ಗೂ ಮೇಲೆ, ಬೆಳಕಿಗೇ ಹೋಗಿ ಬರಲು 4 ಮಿಲಿಸೆಕೆಂಡ್, ರೌಟರ್‌ಗಳೆಲ್ಲ ಸೇರಿ 10 ಅನ್ನಿ. ಆಗ ಅದೇ ಸಾಲಿನಲ್ಲಿ ಸೆಕೆಂಡಿಗೆ 100. ಆದ್ದರಿಂದ ಬೆಂಗಳೂರಿನ ಪ್ರತಿ ಅಸಿಂಕ್ರೊನಸ್ ಆಗಿಯೇ ಇರಲಿ.

ಹೊಟ್ಟೆ ಬಿರಿಯುವ ಡಿಸ್ಕ್

ಸ್ಟ್ಯಾಂಡ್‌ಬೈ ಕೆಲ ಹೊತ್ತು ಕಾಣೆಯಾದರೆ ಅದಕ್ಕೆ ಕೊಡಬೇಕಾದ ವಾಲ್ ಫೈಲುಗಳನ್ನು (ಒಂದೊಂದು ಬದಲಾವಣೆಯನ್ನೂ ಬರೆದಿಡುವ ದಿನಚರಿ) ಪ್ರೈಮರಿ ಎತ್ತಿಡಬೇಕು. ಅದಕ್ಕೇ ರೆಪ್ಲಿಕೇಶನ್ ಸ್ಲಾಟ್. ಸ್ಲಾಟ್ ಇದ್ದರೆ ಪ್ರೈಮರಿ 16 ಎಂಬಿಯ ಒಂದೊಂದು ಫೈಲನ್ನೂ ಸ್ಟ್ಯಾಂಡ್‌ಬೈ ತೆಗೆದುಕೊಳ್ಳುವವರೆಗೆ ಅಳಿಸುವುದಿಲ್ಲ. ಎಷ್ಟು ದಿನ? ಮಾಮೂಲಿ ಸೆಟ್ಟಿಂಗ್‌ನಲ್ಲಿ ಮಿತಿಯೇ ಇಲ್ಲ.

ಸೆಕೆಂಡಿಗೆ 5 ಎಂಬಿ ವಾಲ್ ಹುಟ್ಟುವ ಡೇಟಾಬೇಸ್ ಹಿಡಿಯಿರಿ. ತಾಸಿಗೆ 18 ಜಿಬಿ, ದಿನಕ್ಕೆ 432 ಜಿಬಿ. ಶನಿವಾರ ರಾತ್ರಿ ಧಾರವಾಡದ ಯಂತ್ರ ಆರಿಹೋಯಿತು, ಸೋಮವಾರ ಬೆಳಗ್ಗೆ ನೋಡಿದರು, ನಡುವೆ 36 ತಾಸು: 648 ಜಿಬಿ. ವಾಲ್‌ಗೆ ಕೊಟ್ಟ ಡಿಸ್ಕ್ 500 ಜಿಬಿ ಆಗಿದ್ದರೆ ಭಾನುವಾರ ರಾತ್ರಿಯೇ ಹುಬ್ಬಳ್ಳಿಯ ಪ್ರೈಮರಿ ಡಿಸ್ಕ್ ತುಂಬಿ ಬಿದ್ದಿರುತ್ತದೆ. ಕೆಟ್ಟದ್ದು ಧಾರವಾಡದ್ದು, ನಿಂತದ್ದು ಹುಬ್ಬಳ್ಳಿ. ಬಳಕೆ ನಿಲ್ಲಿಸಿದ ಸ್ಟ್ಯಾಂಡ್‌ಬೈನ ಸ್ಲಾಟ್ ಅಳಿಸಲು ಮರೆತರೂ ಇದೇ ಗತಿ, ಸ್ವಲ್ಪ ನಿಧಾನವಾಗಿ.

ಪೋಸ್ಟ್‌ಗ್ರೆಸ್ 13ರಿಂದ ಸ್ಲಾಟಿಗೆ ವಾಲ್ ಮಿತಿ ಹಾಕಬಹುದು. ಡಿಸ್ಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಇಡಿ, 500 ಇದ್ದರೆ 150 ಜಿಬಿ. ಮಿತಿ ಮೀರಿದರೆ ಸ್ಲಾಟ್ ಕೆಡುತ್ತದೆ, ಸ್ಟ್ಯಾಂಡ್‌ಬೈಯನ್ನು ಮೊದಲಿನಿಂದ ಕಟ್ಟಬೇಕು. ಅದೆಷ್ಟು ಹೊತ್ತು ಅಂತ ಮೊದಲೇ ಲೆಕ್ಕ ಹಾಕಿ ಗೋಡೆಗೆ ಅಂಟಿಸಿಡಿ. 500 ಜಿಬಿ ಡೇಟಾ, 1 ಗಿಗಾಬಿಟ್ ಲೈನ್, ಕೈಗೆ ಸಿಗುವುದು ಸೆಕೆಂಡಿಗೆ 110 ಎಂಬಿ: ಸುಮಾರು 76 ನಿಮಿಷ. ಅದೇ 100 ಮೆಗಾಬಿಟ್ ಲೈನ್ ಆದರೆ ಹನ್ನೆರಡೂವರೆ ತಾಸು. ಅಷ್ಟು ಹೊತ್ತು ಒಂಟಿ ಪ್ರತಿ, ಜೊತೆಗೆ ಅದೇ ಲೈನಿನಲ್ಲಿ ಬೇರೆಲ್ಲ ಕೆಲಸ ತೆವಳುತ್ತಿರುತ್ತದೆ.

ಗಾಳಿ ಕಂಬ ಮತ್ತು ಸ್ಕ್ಯಾನ್

ಎಲ್ಲ ಡೇಟಾಗೂ ಇಷ್ಟು ಕಟ್ಟುನಿಟ್ಟು ಬೇಡ. ಗದಗದ ಕಪ್ಪತಗುಡ್ಡದ ಕಡೆ ಗಾಳಿ ಕಂಬಗಳಿವೆ. ಅಂಥ ಕಂಬಗಳು ಕೆಲವು ಸೆಕೆಂಡಿಗೊಮ್ಮೆ ಗಾಳಿಯ ವೇಗ, ತಿರುಗುವ ಲೆಕ್ಕ, ಬಿಸಿ ಇವನ್ನೆಲ್ಲ ಕಳಿಸುತ್ತಿರುತ್ತವೆ. ಒಂದು ನಿಮಿಷದ ಓದು ತಡವಾಗಿ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಬರೆಯುವುದು ನಿಲ್ಲಬಾರದು. ಇದಕ್ಕೆ ಕಸಾಂಡ್ರಾ ತರಹದ, ಒಬ್ಬ ಯಜಮಾನನಿಲ್ಲದೆ ಯಾವ ಯಂತ್ರಕ್ಕಾದರೂ ಬರೆಯಬಹುದಾದ ಡೇಟಾಬೇಸ್ ಹೊಂದುತ್ತದೆ. ಮೂರು ಪ್ರತಿ ಇಡಿ. ಬರೆಯುವಾಗ ಎಷ್ಟು ಪ್ರತಿ ಹೂಂ ಅನ್ನಬೇಕು, ಓದುವಾಗ ಎಷ್ಟನ್ನು ಕೇಳಬೇಕು, ಇವೆರಡರ ಮೊತ್ತ ಮೂರಕ್ಕಿಂತ ಹೆಚ್ಚಿದ್ದರೆ ಹಳೇ ಓದು ಸಿಗುವುದಿಲ್ಲ: ಎರಡು ಮತ್ತು ಎರಡು. ಬರೆಯಲು ಒಂದು, ಓದಲು ಒಂದು ಇಟ್ಟರೆ ಬಲು ವೇಗ, ಒಮ್ಮೊಮ್ಮೆ ಹಳೆಯದು ಕಾಣುತ್ತದೆ, ಗ್ರಾಫ್ ಬಿಡಿಸಲು ಅದು ನಡೆಯುತ್ತದೆ. ಎರಡು ಊರಲ್ಲಿ ಮೂರು ಮೂರು ಪ್ರತಿ ಇಟ್ಟವರು 'ಕೋರಂ' (ಬಹುಮತ) ಎಂದು ಬರೆದರೆ ಆರರಲ್ಲಿ ನಾಲ್ಕು ಬೇಕು, ಒಂದು ಊರು ಹೋದರೆ ಬರಹ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು 'ಲೋಕಲ್ ಕೋರಂ', ಅಂದರೆ ತನ್ನ ಊರಿನ ಮೂರರಲ್ಲಿ ಎರಡು.

ಕಸಾಂಡ್ರಾದಲ್ಲಿ ಜನ ಎಡವುವುದು ದಿನದ ಲೆಕ್ಕದಲ್ಲಿ. ಬಿದ್ದ ನೋಡ್‌ಗಾಗಿ (ಗುಂಪಿನ ಒಂದು ಯಂತ್ರ) ಉಳಿದವು ಬರಹ ಎತ್ತಿಡುವುದು 3 ತಾಸು ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಆರಿದ್ದರೆ ಪ್ರತಿಗಳನ್ನು ಹೋಲಿಸಿ ಸರಿಪಡಿಸುವ 'ರಿಪೇರ್' ಓಡಿಸಲೇಬೇಕು. ಅಳಿಸಿದ್ದರ ಗುರುತು ಉಳಿಯುವುದು 10 ದಿನ. ದಸರೆ ರಜೆ, ಊರಿಗೆ ಹೋದರು, ನೋಡ್ 11 ದಿನ ಆರಿತ್ತು, ಬಂದು ಹಾಗೇ ಆನ್ ಮಾಡಿದರು. ಅಳಿಸಿದ ಸಾಲುಗಳೆಲ್ಲ ಅದರ ಹೊಟ್ಟೆಯಲ್ಲಿ ಜೀವಂತ, ಉಳಿದವರಿಗೆ ಅಳಿಸಿದ ನೆನಪೇ ಇಲ್ಲ. ಸತ್ತದ್ದು ಎದ್ದು ಊರೆಲ್ಲ ಹರಡುತ್ತದೆ. ಅಂಥ ನೋಡ್ ಆನ್ ಮಾಡಬಾರದು, ಒಳಗಿನದು ಒರೆಸಿ ಹೊಸದಾಗಿ ಸೇರಿಸಬೇಕು. ಗಡಿಯಾರಗಳೂ ಸರಿ ಇರಬೇಕು. ಯಾವ ಬರಹ ಹೊಸದು ಎಂದು ತೀರ್ಮಾನಿಸುವುದು ಅದರ ಸಮಯದ ಮುದ್ರೆ, ಐದು ಸೆಕೆಂಡ್ ಮುಂದೆ ಓಡುವ ಯಂತ್ರದ ಹಳೇ ಬರಹ ಗೆದ್ದುಬಿಡುತ್ತದೆ.

ಇನ್ನು ಆಸ್ಪತ್ರೆಯ ಸ್ಕ್ಯಾನ್, ಗದಗಿನ ಮುದ್ರಣಾಲಯಗಳ ಪುಟದ ಫೈಲು ಇಂಥವು: ದೊಡ್ಡವು, ಒಮ್ಮೆ ಬರೆದರೆ ಬದಲಾಗದವು. ಇವಕ್ಕೆ ಸೆಫ್. ಮೂರು ಪ್ರತಿ, ಕನಿಷ್ಠ ಎರಡು ಇದ್ದರೆ ಮಾತ್ರ ಬರೆಯಲು ಬಿಡುವುದು, ಈ 3-2 ಜೋಡಿಯನ್ನು ಮುಟ್ಟಬೇಡಿ. ಜಾಗ ಉಳಿಸಲು 2-1 ಮಾಡುವವರಿದ್ದಾರೆ. ಒಂದು ಡಿಸ್ಕ್ ಆರಿತು, ಉಳಿದ ಒಂದರ ಮೇಲೆ ಬರಹ ಮುಂದುವರಿಯಿತು, ತಾಸಿನ ನಂತರ ಅದೂ ಹೋಯಿತು, ಮೊದಲಿನದು ಎದ್ದು ಬಂತು. ಆ ಒಂದು ತಾಸಿನ ಬರಹ ಎಲ್ಲೂ ಇಲ್ಲ. ಪ್ರತಿ ಸರಿಪಡಿಸುವ ಹೊತ್ತಿನಲ್ಲೇ ಉಳಿದ ಡಿಸ್ಕುಗಳ ಮೇಲೆ ಓದುವ ಹೊರೆ ಅತಿ ಹೆಚ್ಚು, ಅವೂ ಒಂದೇ ಲಾಟಿನಲ್ಲಿ ಕೊಂಡವು, ಒಂದೇ ವಯಸ್ಸಿನವು.

ಜಾಗದ ಲೆಕ್ಕ ಮಾಲೀಕರಿಗೆ ಮೊದಲೇ ಹೇಳಿಬಿಡಿ. 4 ಯಂತ್ರ, ಒಂದೊಂದರಲ್ಲಿ 4 ಟಿಬಿಯ 3 ಡಿಸ್ಕ್: ಕೊಂಡದ್ದು 48 ಟಿಬಿ. ಒಂದು ಯಂತ್ರ ಹೋದರೂ ಉಳಿದ ಮೂರರಲ್ಲಿ ಎಲ್ಲ ಹಿಡಿಯಬೇಕು: 36. ಸೆಫ್ 85 ಪ್ರತಿಶತ ತುಂಬಿದರೆ ಎಚ್ಚರಿಸುತ್ತದೆ, 95ಕ್ಕೆ ಬರಹ ನಿಲ್ಲಿಸುತ್ತದೆ, 85ಕ್ಕೇ ಗೆರೆ ಎಳೆದರೆ 30.6. ಮೂರರಿಂದ ಭಾಗಿಸಿದರೆ 10.2 ಟಿಬಿ. 48 ಕೊಂಡು 10 ಬಳಸುವುದು. ಮೂರೇ ಯಂತ್ರ ಸಾಲದೇ? ನಡೆಯುತ್ತದೆ, ಆದರೆ ಒಂದು ಹೋದರೆ ಮೂರನೇ ಪ್ರತಿ ಇಡಲು ಬೇರೆ ಯಂತ್ರವೇ ಇರುವುದಿಲ್ಲ, ನೀವು ರಿಪೇರಿ ಮಾಡಿ ತರುವವರೆಗೂ ಎರಡೇ.

ಇರೇಷರ್ ಕೋಡಿಂಗ್, ಅಂದರೆ ಪೂರ್ತಿ ಪ್ರತಿಯ ಬದಲು ಡೇಟಾದ ತುಂಡುಗಳ ಜೊತೆ ಲೆಕ್ಕ ಹಾಕಿದ ಹೆಚ್ಚುವರಿ ತುಂಡುಗಳನ್ನು ಇಡುವುದು, ಜಾಗ ಉಳಿಸುತ್ತದೆ. 4+2 ಅಂದರೆ ನಾಲ್ಕು ಡೇಟಾ ತುಂಡು, ಎರಡು ಹೆಚ್ಚುವರಿ: ಒಂದೂವರೆ ಪಟ್ಟು ಜಾಗ, ಎರಡು ಯಂತ್ರ ಹೋದರೂ ಡೇಟಾ ಉಳಿಯುತ್ತದೆ. ಆದರೆ ಆರು ಯಂತ್ರ ಬೇಕು, ಏಳಿದ್ದರೆ ಚೆನ್ನ. ದೊಡ್ಡ ಡೇಟಾ ಸಂಗ್ರಹಕ್ಕೆ ಬಳಸುವ ಹಡೂಪ್ 3ರ 6+3ಕ್ಕೆ ಒಂಬತ್ತು. ಸಣ್ಣ ಸಣ್ಣ ತಿದ್ದುಪಡಿಗೆ ಇದು ಬಲು ನಿಧಾನ, ಒಂದು ತುಂಡು ಕಳೆದರೆ ನಾಲ್ಕು ತುಂಡು ಓದಿ ಕಟ್ಟಬೇಕು. ಹಳೇ ಸ್ಕ್ಯಾನ್‌ಗಳ ಉಗ್ರಾಣಕ್ಕೆ ಸರಿ, ವರ್ಚುವಲ್ ಮಷಿನ್ ಡಿಸ್ಕಿಗೆ ಬೇಡ. ಎರಡು ಊರಿಗೆ ಹಂಚುವವರಿಗೆ ಸೆಫ್‌ನ ಸ್ಟ್ರೆಚ್ ಮೋಡ್ ಇದೆ: ಊರಿಗೆ ಎರಡರಂತೆ ನಾಲ್ಕು ಪ್ರತಿ, ಮತ್ತೆ ಅಲ್ಲೂ ಮೂರನೇ ಜಾಗದಲ್ಲೊಂದು ಮಾನಿಟರ್. ಗದಗಿನ ಸಾಕ್ಷಿ ಯಂತ್ರ ಈ ಕೆಲಸಕ್ಕೂ ಆದೀತು.

ಕರೆಂಟ್ ಹೋದ ದಿನ

ಹೆಸ್ಕಾಂ ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಬರುತ್ತದೆ. ಆ ದಿನ ಒಂದು ಯಂತ್ರ ಆರಿಸಬೇಕಾದರೆ ಸೆಫ್‌ಗೆ ಮೊದಲು 'ನೋಔಟ್' ಹೇಳಿ. ಹೇಳದಿದ್ದರೆ 600 ಸೆಕೆಂಡ್ ಕಾದು, ಆ ಡಿಸ್ಕುಗಳು ಸತ್ತವು ಎಂದು ಲೆಕ್ಕ ಹಾಕಿ, ಟಿಬಿಗಟ್ಟಲೆ ಡೇಟಾ ಅತ್ತಿಂದಿತ್ತ ಹೊರಲು ಶುರು ಮಾಡುತ್ತದೆ. ಹಡೂಪ್‌ನ ಉಗ್ರಾಣ ಎಚ್‌ಡಿಎಫ್‌ಎಸ್‌ನಲ್ಲಿ ಇದೇ ಗಡುವು ಹತ್ತೂವರೆ ನಿಮಿಷ. ಸಂಜೆ ಕರೆಂಟ್ ಬಂದ ಮೇಲೆ ನೋಔಟ್ ತೆಗೆಯುವುದನ್ನು ಮರೆತರೆ ಮುಂದೆ ನಿಜವಾಗಿ ಡಿಸ್ಕ್ ಸತ್ತಾಗ ಸೆಫ್ ಕೈಕಟ್ಟಿ ಕೂರುತ್ತದೆ.

ಮೂರು ಪ್ರತಿಗಳೂ ಒಂದೇ ಯುಪಿಎಸ್ ಮೇಲಿದ್ದರೆ ಅದು ಒಂದೇ ಪ್ರತಿ. ಮಾಮೂಲಿ ಡೆಸ್ಕ್‌ಟಾಪ್ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಒಳಗಿನ ಬರಹ ಉಳಿಸುವ ಕೆಪಾಸಿಟರ್ ಇರುವುದಿಲ್ಲ. ಸರ್ವರ್ ದರ್ಜೆಯದೇ ಕೊಳ್ಳಿ. ಸಂದೇಶ ಸಾಗಿಸುವ ಕಾಫ್ಕಾ ಬಳಸುವವರಿಗೆ ಇದು ಇನ್ನೂ ಮುಖ್ಯ. ಅದು ಮಾಮೂಲಿಯಾಗಿ ಪ್ರತಿ ಸಂದೇಶವನ್ನೂ ಡಿಸ್ಕಿಗೆ ಒತ್ತುವುದೇ ಇಲ್ಲ, ಬೇರೆ ಯಂತ್ರದ ಮೆಮೊರಿಯಲ್ಲಿ ಪ್ರತಿ ಇದೆ ಎಂಬ ಧೈರ್ಯದ ಮೇಲೆ ನಡೆಯುತ್ತದೆ. ಜೊತೆಗೆ 'ಎಲ್ಲರೂ ಹೂಂ ಅನ್ನಲಿ' ಎಂದಿಟ್ಟರೂ 'ಎಲ್ಲರೂ' ಅಂದರೆ ಆ ಕ್ಷಣ ಸಮಸಮ ಇರುವವರು ಮಾತ್ರ. ಕನಿಷ್ಠ ಇಷ್ಟು ಜನ ಇರಬೇಕು ಎನ್ನುವ ಸೆಟ್ಟಿಂಗ್ ಮಾಮೂಲಿ 1. ಅದನ್ನು 2 ಮಾಡಿ.

ಅಳಿಸುವುದೂ ಧಾರವಾಡಕ್ಕೆ ಒಂದೇ ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಯಾವ ಸಾಲು ಎಂದು ಹೇಳುವ 'ವೇರ್' ಮರೆತು ಡಿಲೀಟ್ ಹೊಡೆದರೆ ಎಲ್ಲ ಪ್ರತಿಗಳೂ ಚಾಚೂ ತಪ್ಪದೆ ಪಾಲಿಸುತ್ತವೆ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದೇ ತಾಣ ಗಿಟ್‌ಲ್ಯಾಬ್‌ನಲ್ಲಿ ಹಿಂದೆ ಬಿದ್ದ ರೆಪ್ಲಿಕೇಶನ್ ಸರಿಪಡಿಸುವ ಗಡಿಬಿಡಿಯಲ್ಲಿ ಸ್ಟ್ಯಾಂಡ್‌ಬೈ ಎಂದುಕೊಂಡು ಪ್ರೈಮರಿಯ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು 6 ತಾಸಿನ ಡೇಟಾ ಹೋಯಿತು, ಬ್ಯಾಕಪ್‌ಗಳೂ ಆ ಹೊತ್ತಿಗೆ ಕೈಕೊಟ್ಟಿದ್ದವು. ಬೆಂಗಳೂರಿನ ಆ ಅಸಿಂಕ್ರೊನಸ್ ಪ್ರತಿಯನ್ನು ಬೇಕೆಂದೇ 4 ತಾಸು ಹಿಂದೆ ಇಡಿ, ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ. ವಾಲ್ ಆರ್ಕೈವ್ ಬೇರೆ ಇರಲೇಬೇಕು. ಪ್ರತಿ ಸರ್ವರ್‌ನ ಪ್ರಾಂಪ್ಟಿಗೆ (ಕಮಾಂಡ್ ಬರೆಯುವ ಸಾಲಿಗೆ) ಬೇರೆ ಬಣ್ಣ ಕೊಡುವುದಕ್ಕೆ ದುಡ್ಡು ಬೇಕಾಗಿಲ್ಲ.

ಪರೀಕ್ಷೆ ಮಾಡುವಾಗ ಯಂತ್ರ ಶಟ್‌ಡೌನ್ ಮಾಡಿ ನೋಡಿದರೆ ಸಾಲದು, ಶಟ್‌ಡೌನ್ ಆಗುವ ಯಂತ್ರ ಹೇಳಿ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಿ. ಮೊದಲು ಎರಡೂ ದಿಕ್ಕು, ಆಮೇಲೆ ಒಂದೇ ದಿಕ್ಕು. ಪಟ್ರೋನಿಯ ಗಡುವು 30 ಸೆಕೆಂಡ್, ಅಷ್ಟರೊಳಗೆ ಹಳೇ ಯಜಮಾನ ತಾನೇ ಕೆಳಗಿಳಿಯಬೇಕು, ಇಳಿಯಿತೇ ಎಂದು ಲಾಗ್‌ನಲ್ಲಿ ನೋಡಿ. ಪಿಂಗ್ 1000 ಸಲ ಹೊಡೆದು ಸರಾಸರಿ ಅಲ್ಲ, ಗರಿಷ್ಠ ನೋಡಿ. ಲಿನಕ್ಸ್‌ನ ಟಿಸಿ ಬಳಸಿ ಲೈನಿಗೆ 10 ಮಿಲಿಸೆಕೆಂಡ್ ತಡ ಸೇರಿಸಿ, ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಪಿಜಿಬೆಂಚ್ ಅನ್ನು 16 ಕನೆಕ್ಷನ್‌ನಲ್ಲಿ 300 ಸೆಕೆಂಡ್ ಓಡಿಸಿದರೆ ಬೆಂಗಳೂರಿಗೆ ಹೋಗದೆಯೇ ಬೆಂಗಳೂರು ಗೊತ್ತಾಗುತ್ತದೆ.

ಯಜಮಾನಿಕೆ ಧಾರವಾಡಕ್ಕೆ ಹೋದ ಮೇಲೆ ಅಪ್ಲಿಕೇಶನ್ ಹುಬ್ಬಳ್ಳಿಯಲ್ಲೇ ಉಳಿದಿದ್ದರೆ ಒಂದೊಂದು ಕ್ವೆರಿಗೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಆ ಒಂದು ಮಿಲಿಸೆಕೆಂಡ್ ಸೇರುತ್ತದೆ. 200 ಕ್ವೆರಿ ಮಾಡುವ ಪುಟ 0.2 ಸೆಕೆಂಡ್ ನಿಧಾನ. ಅಪ್ಲಿಕೇಶನ್ನಿನ ಒಂದು ಪ್ರತಿ ಅಲ್ಲೂ ತಯಾರಿರಲಿ. ಹಳೇ ಹುಬ್ಬಳ್ಳಿ ಪ್ರೈಮರಿಯನ್ನು ಮತ್ತೆ ಸೇರಿಸಲು ಬೇರೆಯಾದ ಭಾಗ ಮಾತ್ರ ಸರಿಪಡಿಸುವ ಪಿಜಿ ರಿವೈಂಡ್ ಬಳಸಿದರೆ ಕೆಲವು ನಿಮಿಷ, ಇಲ್ಲದಿದ್ದರೆ ಆ 76 ನಿಮಿಷದ ಪೂರ್ತಿ ಕಾಪಿ. ರಿವೈಂಡ್‌ಗೆ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಇರಬೇಕು. ಪೋಸ್ಟ್‌ಗ್ರೆಸ್ 18ರಲ್ಲಿ ಹೊಸದಾಗಿ ಕಟ್ಟಿದರೆ ಚೆಕ್‌ಸಮ್ ತಾನೇ ಆನ್ ಇರುತ್ತದೆ, ಹಳೆಯದರಲ್ಲಿ ಇವತ್ತೇ ನೋಡಿಕೊಳ್ಳಿ. ಮತ್ತೆ, ಪಟ್ರೋನಿ ಇಲ್ಲದೆ ಕೈಯಲ್ಲಿ ನಡೆಸುವವರು ಧಾ1ರ ಕಾನ್ಫಿಗ್ ತೆರೆದು ಸಿಂಕ್ರೊನಸ್ ಹೆಸರುಗಳ ಸಾಲು ನೋಡಿ. ಅಲ್ಲಿ ಇನ್ನೂ 'ಧಾ1, ಧಾ2' ಅಂತಲೇ ಇದ್ದರೆ, ಧಾರವಾಡ ಯಜಮಾನನಾದ ದಿನದಿಂದ ಹುಬ್ಬಳ್ಳಿಯ ಪ್ರತಿಗೆ ಯಾರೂ ಕಾಯುತ್ತಿಲ್ಲ.